ಉಪ್ಪುಗಾಳಿಯ ಊರಲ್ಲಿ ಅಕ್ವೇರಿಯಂ ವೈರಿಂಗ್

ಎರಡಡಿ ಉದ್ದದ ತೊಟ್ಟಿ ಎಳೆಯುವ ಕರೆಂಟು ಬಹಳ ಕಮ್ಮಿ. ಫಿಲ್ಟರ್ 10 ವ್ಯಾಟ್, ಎಲ್‌ಇಡಿ ಲೈಟ್ 20, ಏರ್ ಪಂಪ್ 3, ಹೀಟರ್ ಇದ್ದರೆ ಇನ್ನೊಂದು 100. ಎಲ್ಲ ಸೇರಿದರೂ 230 ವೋಲ್ಟಿನಲ್ಲಿ 0.6 ಆಂಪಿಯರ್ ದಾಟುವುದಿಲ್ಲ. 6 ಆಂಪಿಯರ್ ಸಾಕೆಟ್ಟಿಗೆ ಇದು ಲೆಕ್ಕಕ್ಕೇ ಇಲ್ಲ. ಹೀಗಿದ್ದೂ ಕಾರವಾರ, ಅಂಕೋಲಾ ಕಡೆಯ ಮನೆಗಳಲ್ಲಿ ತೊಟ್ಟಿಯ ಹಿಂದಿನ ಪ್ಲಗ್ಗು ಕಂದು ತಿರುಗುವುದುಂಟು. ಲೋಡಿನ ತಪ್ಪಲ್ಲ ಅದು, ಗಾಳಿಯದು. ಕಡಲಗಾಳಿಯ ಉಪ್ಪು ಹಿತ್ತಾಳೆ ಪಿನ್ನಿನ ಮೇಲೆ ಕೂತು, ಮಳೆಗಾಲದ ತೇವ ಹೀರಿ, ಹಸಿರು ಕಿಲುಬು ಕಟ್ಟುತ್ತದೆ. ಕಿಲುಬು ಕಟ್ಟಿದ ಪಿನ್ನು ಸಾಕೆಟ್ಟಿನೊಳಗೆ ಸರಿಯಾಗಿ ಕಚ್ಚುವುದಿಲ್ಲ, ಕಚ್ಚದ ಜಾಗವೇ ಬಿಸಿಯಾಗುತ್ತದೆ. ಒಂದರ ಮೇಲೊಂದು ಮಲ್ಟಿಪ್ಲಗ್ ಸಿಕ್ಕಿಸಿದರೆ ಇಂಥ ಜಾಗಗಳು ಹೆಚ್ಚುತ್ತವೆ, ಅಷ್ಟೆ.

ಹಾಗಾಗಿ ಮೊದಲ ಕೆಲಸ ಬೋರ್ಡಿನ ಜಾಗ. ಪ್ರತಿ ಸಾಕೆಟ್ಟಿಗೂ ಬೇರೆ ಸ್ವಿಚ್ಚಿರುವ ಎಕ್ಸ್‌ಟೆನ್ಶನ್ ಬೋರ್ಡನ್ನು ಸ್ಟ್ಯಾಂಡಿನ ಪಕ್ಕದ ಹಲಗೆಗೆ ನಿಲ್ಲಿಸಿ ಸ್ಕ್ರೂ ಹಾಕಿ. ನೆಲದ ಮೇಲೆ ಮಲಗಿಸಬೇಡಿ, ತೊಟ್ಟಿಯ ನೇರ ಕೆಳಗಂತೂ ಬೇಡವೇ ಬೇಡ. ಪ್ರತಿ ವೈರೂ ತೊಟ್ಟಿಯಿಂದ ಇಳಿದು, ಸಾಕೆಟ್ಟಿಗಿಂತ ಒಂದು ಗೇಣು ಕೆಳಗೆ ಜೋತು, ಮತ್ತೆ ಮೇಲೇರಿ ಪ್ಲಗ್ಗಿಗೆ ಸೇರಬೇಕು. ವೈರಿನ ಮೇಲೆ ಹರಿದುಬಂದ ಹನಿ ಆ ತಗ್ಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಈ ಜೋತು ಚೆನ್ನಾಗಿ ಕಾಣುವುದಿಲ್ಲ ಎಂದು ಎಳೆದು ಬಿಗಿ ಕಟ್ಟುವವರಿದ್ದಾರೆ. ಕಟ್ಟಿದರೆ ನೀರಿಗೆ ಸಾಕೆಟ್ಟಿನ ದಾರಿ ತೋರಿಸಿದಂತೆ. ಕಟ್ಟುವುದಿದ್ದರೆ ವೆಲ್ಕ್ರೋ ಪಟ್ಟಿ ಸಾಕು. ಪಂಪು ತೊಳೆಯಲು ತೆಗೆದಾಗಲೆಲ್ಲ ಜಿಪ್ ಟೈ ಕತ್ತರಿಸಬೇಕಾಗುತ್ತದೆ, ಕತ್ತರಿ ವೈರಿನ ಸಿಪ್ಪೆಗೂ ತಾಗುತ್ತದೆ.

ಇನ್ನು ಆರ್‌ಸಿಸಿಬಿ, ಅಂದರೆ ಕರೆಂಟು ನೆಲಕ್ಕೆ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು. ಫ್ಯೂಸಿನ ಕೆಲಸ ಮಾಡುವ ಎಂಸಿಬಿ ಶಾರ್ಟ್ ಆದಾಗ, ಓವರ್‌ಲೋಡ್ ಆದಾಗ ಬೀಳುತ್ತದೆ, ಅಂದರೆ ತಾನೇ ಆಫ್ ಆಗುತ್ತದೆ. ಮನುಷ್ಯನ ಮೈಯಲ್ಲಿ ಹರಿಯುವಷ್ಟು ಕರೆಂಟು ಅದಕ್ಕೆ ಗೊತ್ತೇ ಆಗುವುದಿಲ್ಲ. ಆರ್‌ಸಿಸಿಬಿಯ ಮುಖದ ಮೇಲೆ 30 ಎಂಎ (ಮಿಲಿಆಂಪಿಯರ್) ಅಥವಾ 0.03 ಎ ಎಂದಿರಬೇಕು. 100, 300 ಎಂದಿದ್ದರೆ ಅದು ಜೀವ ಉಳಿಸಲು ಹಾಕಿದ್ದಲ್ಲ. ಆದರೆ ಅದಿದೆಯೆಂದು ನಿಶ್ಚಿಂತೆಯಿಂದ ನೀರಿಗೆ ಕೈ ಹಾಕುವುದೂ ತಪ್ಪು. ನೀರಿನೊಳಗಿನ ಫಿಲ್ಟರ್ ಪಂಪುಗಳಲ್ಲಿ ಹೆಚ್ಚಿನವು ಅರ್ಥ್ ಪಿನ್ನಿಲ್ಲದ ಎರಡು ಪಿನ್ನಿನವು, ಗಾಜಿನ ತೊಟ್ಟಿಗೆ ನೆಲದ ಸಂಪರ್ಕವಿಲ್ಲ. ಪಂಪಿನ ಸೀಲು ಬಿರಿದು ನೀರಿಗೆ ಕರೆಂಟು ಬಂದರೂ ಹರಿಯಲು ದಾರಿಯಿಲ್ಲದ್ದರಿಂದ ಆರ್‌ಸಿಸಿಬಿ ಸುಮ್ಮನಿರುತ್ತದೆ. ಬರಿಗಾಲಲ್ಲಿ ನಿಂತು ಕೈ ಹಾಕಿದಾಗ ದಾರಿಯಾಗುವುದು ನೀವೇ. ಆಗ ಅದು ಬೀಳುತ್ತದೆ, ಶಾಕ್ ತಾಗಿದ ಮೇಲೆ. ಆದ್ದರಿಂದ ಮೊದಲು ಪ್ಲಗ್ಗು ತೆಗೆಯಿರಿ, ಆಮೇಲೆ ಅಂಗಿಯ ತೋಳು ಮಡಚಿ. ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಿ. ಬಟನ್ ಒತ್ತಿದಾಗ ಬಿತ್ತು ಎಂದರೆ ಆರ್‌ಸಿಸಿಬಿ ಸರಿಯಿದೆ ಎಂದಷ್ಟೇ. ಅರ್ಥಿಂಗ್ ಸರಿಯಿದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಚಿರೇಕಲ್ಲಿನ ನೆಲದಲ್ಲಿ ಅರ್ಥಿಂಗ್ ಗುಂಡಿ ಬೇಸಿಗೆಗೆ ಒಣಗುತ್ತದೆ, ನೀರು ಹಾಕುತ್ತಿರಬೇಕು.

ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಲು ಜಾಗವಿದ್ದರೆ ಬೇರೆ ಚಿಂತೆಯಿಲ್ಲ. ಕೆಳಗಿಟ್ಟರೆ ಕರೆಂಟು ಹೋದಾಗ ನೀರು ಪೈಪಿನಲ್ಲಿ ಹಿಂದೆ ಬಂದು ಪಂಪಿನೊಳಗೆ, ಅಲ್ಲಿಂದ ಬೋರ್ಡಿಗೆ ಇಳಿಯಬಹುದು. ನಡುವೆ ಒಂದೇ ಕಡೆಗೆ ಗಾಳಿ ಬಿಡುವ ಚೆಕ್ ವಾಲ್ವ್ ಹಾಕಿ, ಬಾಣದ ಗುರುತು ತೊಟ್ಟಿಯ ಕಡೆಗಿರಲಿ. ಒಳಗಿನ ರಬ್ಬರು ಗಟ್ಟಿಯಾಗುತ್ತದೆ. ಆಗಾಗ ಬಿಚ್ಚಿ ಬಾಯಿಂದ ಊದಿ ನೋಡಿ, ಎರಡೂ ಕಡೆಯಿಂದ ಗಾಳಿ ಹೋದರೆ ಬದಲಿಸಿ.

ಜೂನ್‌ನಿಂದ ಕರೆಂಟು ಹೋಗಿಬರುವುದು ಇದ್ದದ್ದೇ. ಇನ್ವರ್ಟರಿಗೆ ಏರ್ ಪಂಪು, ಫಿಲ್ಟರು ಮಾತ್ರ ಕೊಡಿ. ಹೀಟರ್ ಕೊಟ್ಟರೆ ಬ್ಯಾಟರಿ ಬೇಗ ಮುಗಿಯುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಪಂಪು ಗುಂಯ್ ಎನ್ನುವುದು ಜೋರಾಗುತ್ತದೆ, ಗಾಬರಿ ಬೇಡ. ಕರಾವಳಿಯಲ್ಲಿ ಸಾಮಾನ್ಯ ಮೀನುಗಳಿಗೆ ಹೀಟರೇ ಬೇಡ. ಶಿರಸಿಯಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಿಗೆ ಬೇಕಾಗುತ್ತದೆ. ಅದರ ಸ್ವಿಚ್ಚಿನ ಮೇಲೆ ಪೇಂಟ್ ಮಾರ್ಕರಿನಲ್ಲಿ ‘ಹೀಟರ್’ ಎಂದು ಬರೆದಿಡಿ. ನೀರು ಬದಲಿಸುವ ಹದಿನೈದು ನಿಮಿಷ ಮೊದಲೇ ಅದನ್ನು ಆರಿಸಬೇಕು. ಬಿಸಿ ಗಾಜು ನೀರಿನಿಂದ ಹೊರಬಂದು, ಮತ್ತೆ ತಣ್ಣೀರು ತಾಗಿದರೆ ಒಡೆಯುತ್ತದೆ.

ಮಳೆಗಾಲದ ಮುಂಚೆ ಒಮ್ಮೆ, ನಡುವೆ ಒಮ್ಮೆ ಮೇನ್ ಆಫ್ ಮಾಡಿ ಪ್ಲಗ್ಗುಗಳನ್ನೆಲ್ಲ ಕಿತ್ತು ಪಿನ್ನನ್ನು ಸಣ್ಣ ಪಾಲಿಶ್ ಕಾಗದದಲ್ಲಿ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ. ಬಿಚ್ಚಬಹುದಾದ ಪ್ಲಗ್ಗಾದರೆ ಒಳಗಿನ ಸ್ಕ್ರೂ ಬಿಗಿ ಮಾಡಿ. ಕಂದು ಬಿದ್ದ ಸಾಕೆಟ್ಟನ್ನು ಉಜ್ಜಿ ಉಪಯೋಗವಿಲ್ಲ, ಒಳಗಿನ ಸ್ಪ್ರಿಂಗ್ ಆಗಲೇ ಸತ್ತಿರುತ್ತದೆ, ಹೊಸದು ಹಾಕಿಸಿ.