ಹಿಡಿಗೆ ಹಚ್ಚಿದ ಪುಟ್ಟಿ

ನನ್ನ ಏರ್ ಪಿಸ್ತೂಲಿನ ಹಿಡಿ ಮೀಡಿಯಂ ಸೈಜಿನದು. ನನ್ನ ಕೈ ಅತ್ತ ಮೀಡಿಯಮ್ಮೂ ಅಲ್ಲ, ಇತ್ತ ಸ್ಮಾಲೂ ಅಲ್ಲ. ಜರ್ಮನಿಯ ರಿಂಕ್ ಕಂಪನಿಯ ಹಿಡಿಯ ಬೆಲೆ ನೋಡಿ ಸುಮ್ಮನಾದೆ. ಮರದ ಪುಟ್ಟಿ, ಸ್ಯಾಂಡ್‌ಪೇಪರ್ ತಂದು ನಾನೇ ಕೂತೆ.

ಪರೀಕ್ಷೆ ಸುಲಭ. ಖಾಲಿ ಪಿಸ್ತೂಲು ಹಿಡಿದು, ಕಣ್ಣು ಮುಚ್ಚಿ ಕೈ ಎತ್ತಬೇಕು. ಕಣ್ಣು ಬಿಟ್ಟಾಗ ಗುರಿ ನೋಡುವ ಮುಂದಿನ ಮೊನೆ (ಸೈಟು) ಹಿಂದಿನ ಸೀಳಿನ ನಡುವೆ ಇರಬೇಕು. ನನ್ನದು ಎಡಕ್ಕೇ ಓಡುತ್ತಿತ್ತು. ಒಂಚೂರು ಮೆತ್ತು, ಒಣಗಲಿ, ಉಜ್ಜು, ಮತ್ತೆ ಎತ್ತು. ಮೂರು ಭಾನುವಾರ ಇದೇ ಆಯ್ತು. ಮನೆಯೆಲ್ಲ ಧೂಳು, ಬೈಗುಳ ಬೇರೆ!

ಕೊನೆಗೆ ಸರಿಯಾಯ್ತು ಅಂದುಕೊಂಡೆ. ಆದರೆ ಸ್ಪರ್ಧೆಯಲ್ಲಿ ಅಳತೆ ನೋಡುವಾಗ ಪಿಸ್ತೂಲು 420×200×50 ಮಿ.ಮೀ. ಪೆಟ್ಟಿಗೆಯೊಳಗೆ ಕೂರಬೇಕಲ್ವಾ? ಹಿಡಿಯಲ್ಲಿ ಅಂಗೈ ಕೆಳಗೆ ಬರುವ ಆಸರೆ ಪಟ್ಟಿ ಜಾಸ್ತಿ ದಪ್ಪವಾಗಿತ್ತು. ಮತ್ತೆ ಉಜ್ಜಿದೆ.