ಬೇವಿನ ಬೀಜದ ಕಷಾಯ: ಹುಳು ಸಾಯದಿದ್ದರೆ ಬೀಜವನ್ನು ನೋಡಿ

ಬೇವಿನ ಕಷಾಯ ಹೊಡೆದರೂ ಹುಳು ಹಾಗೇ ಇದೆ ಎಂಬ ದೂರಿಗೆ ಹೆಚ್ಚಾಗಿ ಬೀಜವೇ ಕಾರಣ. ಕೀಟದ ಮೇಲೆ ಕೆಲಸ ಮಾಡುವ ಅಜಾಡಿರಕ್ಟಿನ್ ಎಲೆಗಿಂತ ಬೀಜದ ತಿರುಳಿನಲ್ಲೇ ಹೆಚ್ಚು. ಹಣ್ಣು ಉದುರಿದ ಕೂಡಲೇ ಆರಿಸಿ, ಬೀಜದ ಮೇಲಿನ ಲೋಳೆ ತೊಳೆದು, ನೆರಳಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ. ಗಾಳಿಯಾಡುವ ಗೋಣಿಚೀಲದಲ್ಲಿ ತುಂಬಿಡಿ, ಪ್ಲಾಸ್ಟಿಕ್ ಚೀಲ ಬೇಡ. ಬೂಷ್ಟು ಹಿಡಿದದ್ದನ್ನು, ವರ್ಷ ದಾಟಿದ್ದನ್ನು ಬಳಸಬೇಡಿ.

ಅಳತೆ ಶೇ. 5: ಅಂದರೆ 15 ಲೀಟರ್ ಟ್ಯಾಂಕಿಗೆ 750 ಗ್ರಾಂ ಸಿಪ್ಪೆ ತೆಗೆದ ತಿರುಳು. ಸಿಪ್ಪೆ ಸಮೇತ ಬೀಜವಾದರೆ ಸುಮಾರು ಎರಡು ಪಟ್ಟು ಬೇಕು. ರವೆಯ ಹದಕ್ಕೆ ಕುಟ್ಟಿ, ತೆಳುಬಟ್ಟೆಯಲ್ಲಿ ಗಂಟು ಕಟ್ಟಿ, ಎರಡು ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಹಾಕಿ. ಬೆಳಿಗ್ಗೆ ಗಂಟನ್ನು ಹಾಲಿನಂಥ ನೀರು ಬರುವಷ್ಟು ಹಿಂಡಿ, ಮತ್ತೆ ನೀರಲ್ಲಿ ಅದ್ದಿ ಹಿಂಡಿ. ನಿಲ್ಲಿಸಬೇಕಾದ್ದು ಅದು ತಿಳಿಯಾದಾಗ. ಚೆನ್ನಾಗಿ ಸೋಸಿ, ಇಲ್ಲವಾದರೆ ನಾಜಲ್ ಕಟ್ಟಿಕೊಳ್ಳುತ್ತದೆ. ಉಳಿದ ನೀರು ಸೇರಿಸಿ 15 ಲೀಟರ್ ಮಾಡಿ. ಕೊನೆಗೆ 30 ಗ್ರಾಂ ಸೋಪನ್ನು ಬೇರೆ ನೀರಲ್ಲಿ ಕರಗಿಸಿ ಬೆರೆಸಿ, ಎಲೆಗೆ ಅಂಟಲು ಅದು ಬೇಕೇ ಬೇಕು.

ಕುದಿಸಲೇಬೇಡಿ, ಬಿಸಿಗೆ ಸತ್ವ ಹೋಗುತ್ತದೆ. ಬೋರ್‌ವೆಲ್ ನೀರು ಕ್ಷಾರವಾಗಿದ್ದರೂ ಹಾಗೆಯೇ, ಮಳೆನೀರು ಸಿಕ್ಕರೆ ಅದೇ ಒಳ್ಳೆಯದು. ಮಾಡಿದ್ದನ್ನು ಆ ದಿನವೇ ಮುಗಿಸಿ.

ಬಿಸಿಲಿನ ಅತಿನೇರಳೆ ಕಿರಣವನ್ನೂ ಇದು ತಾಳುವುದಿಲ್ಲ. ಹಾಗಾಗಿ ಇಳಿಹೊತ್ತು ಹೊಡೆಯಿರಿ; ಜೇನ್ನೊಣಕ್ಕೂ ಆ ಹೊತ್ತು ಕ್ಷೇಮ. ಬಿಳಿನೊಣ, ಸಸ್ಯಹೇನು, ಜಿಗಿಹುಳು ಕೂರುವುದು ಎಲೆಯ ಅಡಿಯಲ್ಲಿ. ಮೇಲಿಂದ ಚಿಮುಕಿಸಿ ಬಿಟ್ಟರೆ ಏನೂ ಆಗದು. ಮೆಣಸಿನಕಾಯಿ ಎಲೆ ಮುದುಡತೊಡಗಿದ ಮೇಲಲ್ಲ, ನುಸಿ ಕಂಡ ದಿನವೇ ಶುರು ಮಾಡಿ, 7ರಿಂದ 10 ದಿನಕ್ಕೊಮ್ಮೆ ಮತ್ತೆ ಹೊಡೆಯಿರಿ. ಮಳೆ ಬಂದರೆ ಮರುಸಿಂಪಡಣೆ.

ಕೀಟನಾಶಕದಂತೆ ತಕ್ಷಣ ಉದುರುವುದನ್ನು ಕಾಯಬೇಡಿ. ಇದು ಹುಳುವಿಗೆ ತಿನ್ನಲು ಮನಸ್ಸಾಗದಂತೆ ಮಾಡಿ, ಪೊರೆ ಕಳಚುವ ಹಾರ್ಮೋನನ್ನು ಕೆಡಿಸುತ್ತದೆ. ಅದು ತೋರಲು ಮೂರ್ನಾಲ್ಕು ದಿನ ಬೇಕು. ಈ ಕಾರಣಕ್ಕೇ ಸಣ್ಣ ಮರಿಹುಳುವಿನ ಮೇಲೆ ಅದ್ಭುತ. ಬೆಳೆದ ಕಾಯಿಕೊರಕದ ಮೇಲೆ, ಅದರಲ್ಲೂ ಟೊಮೆಟೊ ಒಳಹೊಕ್ಕದ್ದರ ಮೇಲೆ, ನಿಷ್ಪ್ರಯೋಜಕ. ತೊಗರಿಗೆ ಹೂ ಬಿಡುವಾಗ ಈ ಹುಳುವಿನ ಮೊಟ್ಟೆ ಕಂಡರೆ ಸಿಂಪಡಿಸುವುದು ಸರಿಯಾದ ಕಾಲ.

ಎಳೆ ಸಸಿ ಸುಡಬಹುದು. ನಾಲ್ಕು ಗಿಡಕ್ಕೆ ಮೊದಲು ಹೊಡೆದು ಎರಡು ದಿನ ನೋಡಿ. ತಯಾರಿಸಲು ಪುರುಸೊತ್ತಿಲ್ಲದವರು ಅಂಗಡಿಯಲ್ಲಿ ತರುವಾಗ ಡಬ್ಬಿಯ ಮೇಲೆ 300, 1500 ಅಥವಾ 10,000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಅಜಾಡಿರಕ್ಟಿನ್ ಎಷ್ಟು ಭಾಗ ಎಂಬ ಅಳತೆ) ಎಂದಿರುವುದನ್ನು ಓದಿ ಕೊಳ್ಳಬೇಕು. ಮೂರಕ್ಕೂ ಪ್ರಮಾಣ ಬೇರೆ, ಲೇಬಲ್‌ನಲ್ಲಿದ್ದಷ್ಟೇ ಹಾಕಿ. ಟ್ಯಾಂಕ್ ತೊಳೆದ ನೀರನ್ನು ಕೆರೆಗೆ ಬಿಡಬೇಡಿ, ಮೀನಿಗೆ ಇದು ವಿಷ. ಹಿಂಡಿ ಉಳಿದ ಚರಟವನ್ನು ಗಿಡದ ಬುಡಕ್ಕೆ ಹಾಕಿ.