ಅಜ್ಜಿ ಹೇಳದ ಹೆಸರು

ನನ್ನ ಹೆಸರು ರಾಮೇಶ್ವರ. ಅಜ್ಜನ ಹೆಸರೂ ಅದೇ. ಇಬ್ಬರಿಗೂ ಅದು ಬಂದದ್ದು ತೀರ್ಥಹಳ್ಳಿಯಲ್ಲಿ ತುಂಗೆಯ ದಡದಲ್ಲಿರುವ ಸ್ವಾಮಿಯಿಂದ. ಗಂಡನ ಹೆಸರು ಹೇಳಬಾರದು ಎನ್ನುವ ಕಾಲದವಳು ನಮ್ಮಜ್ಜಿ. ಹಾಗಾಗಿ ದಿನಾ ಕೈಮುಗಿಯುವ ದೇವರ ಹೆಸರನ್ನೂ ಅವಳು ಹೇಳುವಂತಿರಲಿಲ್ಲ. ‘ಹೊಳೆ ಬದಿ ದೇವ್ರು’ ಅನ್ನುತ್ತಿದ್ದಳು. ಅಮ್ಮನಿಗೆ ಅದು ಮಾವನ ಹೆಸರು, ಅವಳೂ ಹೇಳಳು. ಮನೆಯಲ್ಲಿ ನಾನು ಅಪ್ಪಿ.

ಎಳ್ಳಮಾವಾಸ್ಯೆ ಜಾತ್ರೆ ಬರುವುದು ಅಡಿಕೆ ಸುಲಿತದ ಕಾಲದಲ್ಲಿ. ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಅಜ್ಜಿಯ ಬೆರಳೆಲ್ಲ ಕಪ್ಪಾಗಿರುತ್ತಿತ್ತು. ಪರಶುರಾಮನ ಕೊಡಲಿಯಲ್ಲಿ ಎಳ್ಳುಕಾಳಿನಷ್ಟು ಉಳಿದಿದ್ದ ತಾಯಿಯ ರಕ್ತದ ಕಲೆ ತೊಳೆದುಹೋದದ್ದು ತುಂಗೆಯ ರಾಮಕೊಂಡದ ನೀರಲ್ಲಿ, ಜಾತ್ರೆಗೆ ನಾವು ಮೀಯುವುದೂ ಅಲ್ಲೇ. ಅಜ್ಜಿಯ ಬೆರಳಿನ ಕಪ್ಪು ಮಾತ್ರ ಹೋಗುತ್ತಿರಲಿಲ್ಲ. ರಾಮಕೊಂಡದಲ್ಲಿ ಮುಳುಗೆದ್ದು, ಒದ್ದೆ ಕೂದಲಿಗೆ ಗಂಟು ಹಾಕಿ, ನನ್ನನ್ನು ದೇವರೆದುರು ನಿಲ್ಲಿಸುತ್ತಿದ್ದಳು. ಭಟ್ಟರು ‘ಯಾರ ಹೆಸರಲ್ಲಿ ಅರ್ಚನೆ?’ ಎಂದರೆ ಆ ಕೈ ನನ್ನ ಬೆನ್ನಿಗೆ ಬರುತ್ತಿತ್ತು. ಒರಟು ಅಂಗೈ, ಹೊಳೆನೀರಿನ ತಂಪು ಇನ್ನೂ ಆರದ್ದು. ‘ನೀ ಹೇಳು ಅಪ್ಪಿ. ಗಟ್ಟಿ ಹೇಳು.’ ನಾನು ಕೂಗಿ ಹೇಳುತ್ತಿದ್ದೆ. ಅಜ್ಜಿ ಕಣ್ಣುಮುಚ್ಚಿ ಕೇಳುತ್ತಿದ್ದಳು.

ಈ ಸಲ ಜಾತ್ರೆಯಲ್ಲಿ ಭಟ್ಟರು ಸಂಕಲ್ಪದಲ್ಲಿ ನನ್ನ ಹೆಸರು ಹೇಳಿದರು. ಅದೇ ಉಸಿರಲ್ಲಿ ಸ್ವಾಮಿಯ ಹೆಸರು. ಕರೆದದ್ದು ನನ್ನನ್ನೋ, ಅಜ್ಜನನ್ನೋ, ಒಳಗಿರುವವನನ್ನೋ ತಿಳಿಯಲಿಲ್ಲ. ಬೆನ್ನ ಮೇಲೆ ಆ ಅಂಗೈ ಇದೆ ಅನ್ನಿಸಿ ಕಣ್ಣು ತುಂಬಿತು. ಬದುಕಿಡೀ ಒಂದು ಹೆಸರನ್ನು ಬಾಯಿಗೆ ತರದೆ ಒಳಗೇ ಇಟ್ಟುಕೊಂಡಳಲ್ಲ, ಅದಕ್ಕಿಂತ ದೊಡ್ಡ ಜಪ ನಾನು ಕಂಡಿಲ್ಲ.

ಪರಶುರಾಮನೂ ಮೊದಲು ಬರೀ ರಾಮ. ಶಿವನಿಂದ ಕೊಡಲಿ ಪಡೆದ ಮೇಲೆ ಪರಶುರಾಮ. ಆಮೇಲೆ ಅಯೋಧ್ಯೆಯಲ್ಲಿ ಅದೇ ಹೆಸರಿನ ಇನ್ನೊಬ್ಬ ಹುಟ್ಟಿದ. ಹಿರಿಯ ರಾಮ ಸಿಟ್ಟಿನಿಂದಲೇ ಎದುರು ಬಂದ. ಆದರೆ ಕೊನೆಗೆ ವಿಷ್ಣುವಿನ ಬಿಲ್ಲು ಕಿರಿಯ ರಾಮನ ಕೈಗೆ ಹೋಯಿತು, ಹಿರಿಯವನು ಮಹೇಂದ್ರ ಪರ್ವತಕ್ಕೆ ಹೊರಟ. ಹಿರಿಯರ ಹೆಸರು ಹೊತ್ತವರು ಈ ಕಥೆಯನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಬಿಲ್ಲು ಕೈಗೆ ಬಂದಾಗಿದೆ. ಎತ್ತುವ ಶಕ್ತಿಯನ್ನು ಆ ಸ್ವಾಮಿಯೇ ಕೊಡಬೇಕು.

ಈಗ ನಮ್ಮ ಕೇರಿಯಲ್ಲಿ ಹುಟ್ಟುವ ಮಕ್ಕಳಿಗೆ ಮೊಬೈಲ್ ನೋಡಿ ಎರಡಕ್ಷರದ ಹೆಸರು. ಕೇಳಲು ಚೆಂದವೇ. ಆದರೆ ಆ ಹೆಸರಿನಲ್ಲಿ ಮಗುವಿನ ಜೊತೆಗೆ ಯಾರೂ ಇಲ್ಲ, ಅಲ್ವಾ? ಬೇಜಾರಾಗುತ್ತದೆ.

ನನ್ನ ಮಗಳಿಗೆ ದಿನ ತುಂಬುತ್ತಾ ಬಂದಿದೆ. ಕರೆಯೋದಕ್ಕೆ ಇಷ್ಟದ ಹೆಸರಿಡಿ, ಸಂಕಲ್ಪಕ್ಕೆ ದೇವರದ್ದೋ ಹಿರಿಯರದ್ದೋ ಇರಲಿ ಎಂದಿದ್ದೆ. ಹೆಣ್ಣಾದರೆ ರೇಣುಕಾ ಎಂದಳು ಅವಳೇ. ಮಗ ಪರಶುರಾಮನ ಕೊಂಡದಲ್ಲಿ ಇಷ್ಟು ಕಾಲ ಮಿಂದಿದ್ದೇವೆ, ಚಂದ್ರಗುತ್ತಿಯಲ್ಲಿರುವ ತಾಯಿಯ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಬಾಣಂತನ ಮುಗಿದ ಮೇಲೆ ಮಗುವನ್ನು ಎತ್ತಿಕೊಂಡು ಮೊದಲು ಅಲ್ಲಿಗೇ ಹೋಗುವುದು ಎಂದು ಹರಕೆ ಹೊತ್ತಿದ್ದೇವೆ.